ಓದುಗರ ಪ್ರಶ್ನೆ: ಕೀವು ಒಳಗೇ ಉಳಿದರೆ ಮಾತ್ರೆ ಏನು ಮಾಡೀತು?

ಪ್ರಶ್ನೆ: ದವಡೆ ಹಲ್ಲಿನ ಬುಡದಲ್ಲಿ ಕೀವಾಗಿ ಕೆನ್ನೆ ಊದಿತ್ತು. ವೈದ್ಯರು ಬರೆದುಕೊಟ್ಟ ಮೆಟ್ರೊನಿಡಜೋಲ್ 400 ಮಿ.ಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರರಂತೆ ಐದು ದಿನ ನುಂಗಿದೆ. ಇಳಿದ ಊತ ವಾರದೊಳಗೆ ಮತ್ತೆ ಬಂತು. ಮಾತ್ರೆ ಬದಲಿಸಬೇಕೆ?

ಉತ್ತರ: ಮಾತ್ರೆಗಿಂತ ಮೊದಲು ಹಲ್ಲನ್ನು ನೋಡಿಸಿ. ಒಳಗಿನ ನರ ಸತ್ತ ಹಲ್ಲಿಗೆ ರಕ್ತ ಹರಿಯುವುದಿಲ್ಲ, ರಕ್ತ ಹರಿಯದ ಕಡೆ ಔಷಧಿಯೂ ತಲುಪುವುದಿಲ್ಲ. ಸುತ್ತಲಿನ ಊತ ಇಳಿಯುತ್ತದೆ, ಮೂಲ ಹಾಗೇ ಕೂತಿರುತ್ತದೆ. ರೂಟ್ ಕೆನಾಲ್ ತೆರೆದೋ, ವಸಡು ಕೊಯ್ದೋ, ಹಲ್ಲು ಕಿತ್ತೋ ಕೀವಿಗೆ ದಾರಿ ಮಾಡಲೇಬೇಕು. ಹಲ್ಲಿನ ಕೀವಿನಲ್ಲಿ ಹೆಚ್ಚಾಗಿರುವ, ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗಳ ಸೋಂಕು ಹೊಟ್ಟೆಯೊಳಗಿರಲಿ, ಚರ್ಮದಡಿಯಿರಲಿ, ಮೊದಲ ಚಿಕಿತ್ಸೆ ಬಹುಪಾಲು ಇದೇ. ಶ್ವಾಸಕೋಶದ ಕೀವುಗೂಡು ಮಾತ್ರ ಸಾಮಾನ್ಯವಾಗಿ ಕೊಯ್ಯದೆಯೇ, ವಾರಗಟ್ಟಲೆ ಔಷಧಿಯಿಂದ ವಾಸಿಯಾಗುತ್ತದೆ.

ಇನ್ನೊಂದು ಮಾತು. ಮೆಟ್ರೊನಿಡಜೋಲ್ ಹಾಗೇ ನೋಡಿದರೆ ವಿಷವಲ್ಲ. ಈ ಬ್ಯಾಕ್ಟೀರಿಯಾಗಳು ತಮ್ಮದೇ ಎಲೆಕ್ಟ್ರಾನುಗಳನ್ನು ಅದಕ್ಕೆ ಕೊಟ್ಟು ವಿಷ ಮಾಡಿಕೊಳ್ಳುತ್ತವೆ, ಅದು ಅವುಗಳ ಡಿಎನ್‌ಎ ಮುರಿಯುತ್ತದೆ. ಆಮ್ಲಜನಕ ಇದ್ದರೆ ಈ ಆಟ ನಡೆಯುವುದಿಲ್ಲ. ಹಾಗಾಗಿ ಹಲ್ಲಿನ ಕೀವಿನಲ್ಲಿ ಜೊತೆಗಿರುವ, ಆಮ್ಲಜನಕದಲ್ಲೂ ಬೆಳೆಯುವ ಬ್ಯಾಕ್ಟೀರಿಯಾಗಳಾದ ಸ್ಟ್ರೆಪ್ಟೊಕಾಕಸ್‌ಗಳಿಗೆ ಇದರಿಂದ ಏನೂ ಆಗದು. ಪೆನಿಸಿಲಿನ್ ಅಲರ್ಜಿ ಇಲ್ಲದವರಿಗೆ ಅದೇ ಗುಂಪಿನ ಅಮಾಕ್ಸಿಸಿಲಿನ್ ಸೇರಿಸುವುದು ಅದಕ್ಕೇ. ಅಂದಹಾಗೆ, ಬಾಯಿಯ ಸೋಂಕಿಗೆ ಮೆಟ್ರೊನಿಡಜೋಲ್ ಬಂದದ್ದೇ ಆಕಸ್ಮಿಕ: ಯೋನಿಯ ಟ್ರೈಕೊಮೊನಾಸ್ ಎಂಬ ಪರೋಪಜೀವಿಯ ಸೋಂಕಿಗೆಂದು ಕೊಟ್ಟಾಗ ರೋಗಿಯೊಬ್ಬರ ವಸಡಿನ ಹುಣ್ಣೂ ಮಾಯವಾದದ್ದು 1962ರಲ್ಲಿ ವರದಿಯಾಯಿತು.

ಬಾಯಿ ತೆರೆಯಲಾಗದಿದ್ದರೆ, ನುಂಗುವುದು ಕಷ್ಟವಾದರೆ, ಊತ ನಾಲಿಗೆಯಡಿಗೆ ಇಳಿದರೆ ರಾತ್ರಿಯೆನ್ನದೆ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಬಹುದು.

ಪ್ರಶ್ನೆ: ಗಾಯದ ಕೀವು ಗಬ್ಬು ನಾರುತ್ತಿದೆ, ಆದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ವರದಿಯಲ್ಲಿ "ಬೆಳವಣಿಗೆ ಇಲ್ಲ". ಸೋಂಕು ಇಲ್ಲವೆಂದೇ ಅರ್ಥವೆ?

ಉತ್ತರ: ಅಲ್ಲ. ಬಹುಶಃ ಹತ್ತಿಯ ಕಡ್ಡಿಯಲ್ಲಿ ಒರೆಸಿ ಕಳಿಸಿರುತ್ತಾರೆ. ಗಬ್ಬು ನಾರುವ ಕೀವಿನಲ್ಲಿ ಸಾಮಾನ್ಯವಾಗಿ ಇರುವುದು ಮೇಲೆ ಹೇಳಿದ, ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗಳೇ; ಗಾಳಿ ತಗುಲಿದರೆ ಅವು ದಾರಿಯಲ್ಲೇ ಸಾಯುತ್ತವೆ. ಚರ್ಮ ಶುಚಿಮಾಡಿ, ಸೂಜಿಯಿಂದ ಆಳದ ಕೀವನ್ನೇ ಎಳೆದು, ಸಿರಿಂಜ್‌ನೊಳಗಿನ ಗಾಳಿಗುಳ್ಳೆ ಹೊರತಳ್ಳಿ, ಸೂಜಿ ತೆಗೆದು ಮುಚ್ಚಳ ಹಾಕಿ ತಕ್ಷಣ ಲ್ಯಾಬ್‌ಗೆ ಕಳಿಸಬೇಕು. ಫ್ರಿಜ್‌ನಲ್ಲಿ ಇಡಬಾರದು. ತಡವಾಗುವಂತಿದ್ದರೆ ಆಮ್ಲಜನಕರಹಿತ ಸಾಗಣೆ ಮಾಧ್ಯಮ ಬೇಕು. ಚೀಟಿಯಲ್ಲಿ "ಅನೇರೋಬಿಕ್ ಕಲ್ಚರ್" (ಆಮ್ಲಜನಕವಿಲ್ಲದೆ ಬೆಳೆಸುವ ಪರೀಕ್ಷೆ) ಎಂದು ಬರೆಯದಿದ್ದರೆ ಲ್ಯಾಬ್‌ನವರು ಮಾಮೂಲಿ ಪರೀಕ್ಷೆ ಮಾಡಿ ಮುಗಿಸಬಹುದು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಂ ಸ್ಟೇನ್‌ನಲ್ಲಿ ಬ್ಯಾಕ್ಟೀರಿಯಾ ಕಂಡು ಕಲ್ಚರ್‌ನಲ್ಲಿ ಬೆಳೆಯದಿದ್ದರೆ ಇವುಗಳ ಮೇಲೇ ಮೊದಲ ಅನುಮಾನ. ಜೆಂಟಾಮೈಸಿನ್ ಎಂಬ ಪ್ರತಿಜೀವಕ ಔಷಧಿ ಒಂದನ್ನೇ ನಂಬಿದ್ದರೆ ಪ್ರಯೋಜನವಿಲ್ಲ: ಅದು ಬ್ಯಾಕ್ಟೀರಿಯಾದ ಒಳಹೋಗಲು ಆಮ್ಲಜನಕ ಬೇಕು.

ಪ್ರಶ್ನೆ: ಮೆಟ್ರೊನಿಡಜೋಲ್ ನುಂಗುವಾಗ ಪಥ್ಯ ಏನು?

ಉತ್ತರ: ಮದ್ಯ ಬೇಡ, ಔಷಧಿ ಮುಗಿದ ಮೇಲೂ ಕನಿಷ್ಠ 48 ಗಂಟೆ. ನಾಲಿಗೆಗೆ ಲೋಹದ ರುಚಿ, ಮೂತ್ರ ಕಂದಾಗುವುದು ಹೆದರುವಂಥದ್ದಲ್ಲ. ಕೈಕಾಲು ಜುಮುಗುಟ್ಟಿದರೆ ಕೂಡಲೇ ವೈದ್ಯರಿಗೆ ಹೇಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿರುವವರು ಅದನ್ನು ಮೊದಲೇ ತಿಳಿಸಿ. ಎರಡೂ ಸೇರಿದರೆ ರಕ್ತ ಹೆಪ್ಪುಗಟ್ಟುವುದು ಇನ್ನೂ ತಡವಾಗುತ್ತದೆ, ಅದನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಮೂಲಿಗಿಂತ ಬೇಗ ಮಾಡಿಸಬೇಕಾಗುತ್ತದೆ.