ಆಡಿಯೋ ಹಾಕಿಕೊಂಡು ಧ್ಯಾನ ಮಾಡಿದರೆ ಮನಸ್ಸು ಗಟ್ಟಿಯಾಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ಆಫೀಸಿನಲ್ಲಿ ಯಾರಾದರೂ ಒಂದು ಮಾತು ಅಂದರೆ ರಾತ್ರಿವರೆಗೂ ಅದೇ ತಲೆಯಲ್ಲಿ ಸುತ್ತುತ್ತದೆ, ಎದೆ ಡವಡವ ಅನ್ನುತ್ತದೆ. ಫೋನಿನಲ್ಲಿ ಧ್ಯಾನದ ಆಡಿಯೋ ಹಾಕಿಕೊಂಡು ಕೂತರೆ ಒಂದೋ ನಿದ್ದೆ ಬರುತ್ತದೆ, ಇಲ್ಲವೇ ಯೋಚನೆ ಇನ್ನೂ ಜಾಸ್ತಿಯಾಗುತ್ತದೆ. ಇದರಿಂದ ಪ್ರಯೋಜನ ಇದೆಯಾ, ಇಯರ್‌ಫೋನ್ ಹಾಕಿಕೊಳ್ಳಲೇಬೇಕಾ ಅಂತ.

ಪ್ರಯೋಜನ ಇದೆ. ಆದರೆ ಆಡಿಯೋ ಮುಗಿದ ಕೂಡಲೇ ಮನಸ್ಸು ಶಾಂತವಾಯಿತಾ ಅಂತ ಪರೀಕ್ಷೆ ಮಾಡಬೇಡಿ. ನಾಳೆ ಯಾರೋ ರೇಗಿದಾಗ ನೀವು ಎಷ್ಟು ಬೇಗ ಸುಧಾರಿಸಿಕೊಳ್ಳುತ್ತೀರಿ ಅನ್ನುವುದನ್ನು ನೋಡಿ. ಅಭ್ಯಾಸ ಮನೆಯಲ್ಲಿ, ಅದರ ಉಪಯೋಗ ಹೊರಗೆ.

ನಾನು ಬ್ಯಾಂಕಿನ ಕ್ಯಾಶ್ ಕೌಂಟರ್‌ನಲ್ಲಿ ಕೂರುವವಳು. ತಿಂಗಳ ಮೊದಲ ವಾರ ಪಿಂಚಣಿಯವರ ಸಾಲು ಬಾಗಿಲವರೆಗೆ ಇರುತ್ತದೆ. ಅದೇ ಹೊತ್ತಿಗೆ ಸಿಸ್ಟಮ್ ನಿಧಾನ. ಕೆವೈಸಿ ಆಗಿಲ್ಲ ಅಂತ ಖಾತೆ ನಿಂತಿರುತ್ತದೆ, ಬೈಗುಳ ಮಾತ್ರ ಗಾಜಿನ ಈಚೆ ಇರುವ ನನಗೆ. ಅಂಥ ಹೊತ್ತಿನಲ್ಲಿ ಕಣ್ಣು ಮುಚ್ಚಿ ಧ್ಯಾನ ಮಾಡಲು ಆಗುತ್ತದೆಯೇ? ನಾನು ಮಾಡುವುದು ಇಷ್ಟೇ. ಎಣಿಸುವ ಮಷೀನಿಗೆ ಒಂದು ಕಟ್ಟು ನೋಟು ಹಾಕುತ್ತೇನೆ. ಅದು ಪಟಪಟ ಅನ್ನುತ್ತಿರುವಾಗ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಒಂದು ಉಸಿರನ್ನು ನಿಧಾನವಾಗಿ ಹೊರಗೆ ಬಿಡುತ್ತೇನೆ. ಮಷೀನ್ ನಿಂತಾಗ ಮಾತಾಡುತ್ತೇನೆ. ಸಿಟ್ಟು ಹೋಗಿರುವುದಿಲ್ಲ. ಆದರೆ ಬಾಯಿಗೆ ಬಂದದ್ದನ್ನು ಅನ್ನುವ ಮೊದಲು ಒಂದು ಗಳಿಗೆ ಸಿಕ್ಕಿರುತ್ತದೆ.

ಉಸಿರು ಒಳಗೆ ಎಳೆದಾಗ ಹೃದಯದ ಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಮೆದುಳಿನಿಂದ ಎದೆ, ಹೊಟ್ಟೆಯವರೆಗೆ ಹೋಗುವ ವೇಗಸ್ ಎಂಬ ನರದ ಕೆಲಸ ಇದು. ಅದಕ್ಕೇ ನಾಲ್ಕು ಎಣಿಸುತ್ತಾ ಎಳೆದು ಆರು ಎಣಿಸುತ್ತಾ ಬಿಡಿ ಅಂತ ಹೇಳಿಕೊಡುತ್ತಾರೆ. ಎಳೆಯುವುದಕ್ಕಿಂತ ಬಿಡುವುದು ಉದ್ದವಾಗಿದ್ದರೆ ಸಾಕು, ಲೆಕ್ಕ ತಪ್ಪಿದರೆ ಏನೂ ಆಗುವುದಿಲ್ಲ.

ಈಗ ಆಡಿಯೋ ವಿಷಯ. ಇನ್ನೊಬ್ಬರ ದನಿ ಕೇಳಿಕೊಂಡು ಮಾಡುವುದು ನಿಜವಾದ ಧ್ಯಾನವೇ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಅವರ ಮಾತು ಬಿಡಿ. ಮೈಯಲ್ಲಿ ಆಗುವುದನ್ನು ಸುಮ್ಮನೆ ಗಮನಿಸುವ ವಿಪಶ್ಯನ ಧ್ಯಾನವನ್ನು ಕಲಿಸುತ್ತಿದ್ದ ಸತ್ಯನಾರಾಯಣ ಗೋಯೆಂಕಾ ತೀರಿಕೊಂಡದ್ದು 2013ರಲ್ಲಿ. ಇವತ್ತಿಗೂ ಅವರ ಹತ್ತು ದಿನದ ವಿಪಶ್ಯನ ಶಿಬಿರಗಳು ನಡೆಯುವುದು ಅವರ ರೆಕಾರ್ಡ್ ಆದ ದನಿಯಲ್ಲೇ. ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಜಾನ್ ಕಬಟ್-ಝಿನ್ 1979ರಲ್ಲಿ ಆಸ್ಪತ್ರೆಯ ರೋಗಿಗಳಿಗಾಗಿ ಎಂಟು ವಾರದ ಒಂದು ಧ್ಯಾನದ ಕ್ರಮ ಶುರು ಮಾಡಿದರು. ಅಲ್ಲೂ ಮನೆಯ ಅಭ್ಯಾಸಕ್ಕೆ ಕ್ಯಾಸೆಟ್ ಕೊಡುತ್ತಿದ್ದರು. ನಮ್ಮ ಊರುಗಳ ಯೋಗ ಕ್ಲಾಸಿನಲ್ಲಿ ಕೊನೆಗೆ ಶವಾಸನದಲ್ಲಿ ಮಲಗಿಸಿ "ಕಾಲ್ಬೆರಳು ಸಡಿಲ ಬಿಡಿ, ಹಿಮ್ಮಡಿ ಸಡಿಲ ಬಿಡಿ" ಅಂತ ಹೇಳುತ್ತಾ ಹೋಗುತ್ತಾರಲ್ಲ, ಅದೂ ಇದೇ ಜಾತಿಯದು. ಮನಸ್ಸು ಎಲ್ಲೋ ಹೋಗುತ್ತದೆ, ದನಿ ಮತ್ತೆ ಮೈಗೆ ಕರೆದುಕೊಂಡು ಬರುತ್ತದೆ. ಹೀಗೆ ಹೋಗಿ ಬರುವುದೇ ವ್ಯಾಯಾಮ. ಯೋಚನೆ ಜಾಸ್ತಿಯಾಯಿತು ಅಂದಿರಲ್ಲ, ಬಹುಶಃ ಮೊದಲೂ ಅಷ್ಟೇ ಇತ್ತು, ಈಗ ಕಣ್ಣಿಗೆ ಬೀಳುತ್ತಿದೆ.

ಆಡಿಯೋ ಆರಿಸುವಾಗ ನಾನು ನೋಡುವುದು ಒಂದೇ, ನಡುವೆ ಮೌನ ಇದೆಯಾ ಅಂತ. ಅನೇಕ ಆಡಿಯೋಗಳಲ್ಲಿ ಮಾತು ನಿಲ್ಲುವುದೇ ಇಲ್ಲ. ಕೊಳಲು, ಹಕ್ಕಿ, ಜಲಪಾತ, ಮೇಲೆ "ನಿಮ್ಮ ಅಂತರಂಗದ ದಿವ್ಯ ಚೈತನ್ಯ" ಬೇರೆ. ಕೇಳಲು ಹಿತ, ಆದರೆ ನೀವು ಮಾಡುವುದಕ್ಕೆ ಅಲ್ಲಿ ಕೆಲಸವೇ ಇರುವುದಿಲ್ಲ.

ನನಗೆ ಬೇಕಾದಂಥದ್ದು ಸಿಗದೆ ಅಕ್ಕನ ಕೈಯಲ್ಲಿ ಫೋನ್ ಕೊಟ್ಟು ಸೂಚನೆಗಳನ್ನು ಓದಿಸಿ ರೆಕಾರ್ಡ್ ಮಾಡಿಕೊಂಡೆ. ಅವಳು ಹೈಸ್ಕೂಲ್ ಟೀಚರ್. "ಈಗ ಗಮನ ಪಾದದ ಮೇಲೆ" ಅಂತ ಅವಳು ಹೇಳಿದರೆ ಗಮನ ಕೊಡದೇ ಇರುವ ಧೈರ್ಯ ಯಾರಿಗಿದೆ! ನೆಲ ತಾಗಿರುವ ಪಾದ, ಕುರ್ಚಿಗೆ ಒರಗಿದ ಬೆನ್ನು, ಬಿಗಿದಿರುವ ದವಡೆ, ಆಮೇಲೆ ಉಸಿರು. ಪ್ರತಿ ವಾಕ್ಯದ ನಂತರ ನಾಲ್ಕೈದು ಉಸಿರಿನಷ್ಟು ಬಿಡುವು. ನಡುವೆ ಅವಳ ಅಡುಗೆಮನೆಯ ಕುಕ್ಕರ್ ಸೀಟಿ ಹಾಕುತ್ತದೆ. ಅದನ್ನು ತೆಗೆಸಲು ಹೋಗಲಿಲ್ಲ. ಬರುತ್ತದೆ ಅಂತ ಗೊತ್ತಿದ್ದೂ ಪ್ರತಿ ಸಲ ಸ್ವಲ್ಪ ಬೆಚ್ಚುತ್ತೇನೆ, ಮತ್ತೆ ಪಾದಕ್ಕೆ ಬರುತ್ತೇನೆ. ಕೌಂಟರ್‌ನಲ್ಲಿ ಬೇಕಾಗುವುದೂ ಅದೇ ಅಲ್ವಾ? ನೀವೂ ಮನೆಯವರ ಹತ್ತಿರವೋ, ನಿಮ್ಮದೇ ದನಿಯಲ್ಲೋ ಹೀಗೆ ಮಾಡಿಕೊಳ್ಳಬಹುದು. ಹತ್ತು ನಿಮಿಷ ಧಾರಾಳ. ದಿನಕ್ಕೊಂದು ಹೊಸ ಆಡಿಯೋ ಹುಡುಕಬೇಡಿ, ಒಂದನ್ನೇ ಇಟ್ಟುಕೊಳ್ಳಿ. ಮುಂದಿನ ವಾಕ್ಯ ಏನು ಅಂತ ಬಾಯಿಪಾಠ ಆದ ಮೇಲೆ ಅದು ಫೋನ್ ಇಲ್ಲದೆಯೂ ನೆನಪಿಗೆ ಬರುತ್ತದೆ.

ನಿದ್ದೆಗೆ ಮದ್ದು ಸುಲಭ. ಮಲಗಿ ಮಾಡಬೇಡಿ, ಊಟ ಆದ ಕೂಡಲೇ ಮಾಡಬೇಡಿ, ಕಣ್ಣು ಅರ್ಧ ತೆರೆದಿರಲಿ. ಅಷ್ಟಾದರೂ ತೂಕಡಿಕೆ ಬಂದರೆ ಬಹುಶಃ ನಿಮಗೆ ರಾತ್ರಿ ನಿದ್ದೆ ಸಾಲುತ್ತಿಲ್ಲ, ಮೊದಲು ಅದನ್ನು ನೋಡಿ.

ಕೆಲವರಿಗೆ ಕಣ್ಣು ಮುಚ್ಚಿ ಉಸಿರು ಗಮನಿಸಿದರೆ ಗಾಬರಿ ಹೆಚ್ಚುತ್ತದೆ, ಅದರಲ್ಲೂ ಹಿಂದೆ ದೊಡ್ಡ ಆಘಾತ ಕಂಡವರಿಗೆ. ಹಟ ಹಿಡಿದು ಕೂರಬೇಡಿ. ಕಣ್ಣು ತೆರೆದು ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ, ಕೇಳುವ ಶಬ್ದ ಗುರುತಿಸಿ, ತಣ್ಣಗಿನ ಸ್ಟೀಲ್ ಲೋಟ ಕೈಯಲ್ಲಿ ಹಿಡಿದುಕೊಳ್ಳಿ. ವಾರಗಟ್ಟಲೆ ನಿದ್ದೆ ಊಟ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಆಡಿಯೋ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, 2022ರಿಂದ ಇದೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಆಫೀಸಿನಲ್ಲಿ ಒಬ್ಬರೇ ದಿನಾ ನಿಮ್ಮನ್ನು ಎಲ್ಲರ ಮುಂದೆ ಹೀಯಾಳಿಸುತ್ತಿದ್ದರೆ ಅದಕ್ಕೆ ಧ್ಯಾನ ಪರಿಹಾರ ಅಲ್ಲ. ಬರೆದು ದೂರು ಕೊಡಿ, ಇಲ್ಲವೇ ಬೇರೆ ಕೆಲಸ ನೋಡಿ. ಇಬ್ಬರ ಕೆಲಸ ಒಬ್ಬರಿಗೆ ಹೊರಿಸಿ, ಸುಮ್ನೆ ಒಂದು ಧ್ಯಾನದ ಆ್ಯಪ್ ಕೊಟ್ಟು ಕೈತೊಳೆದುಕೊಳ್ಳುವ ಕಂಪನಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇಯರ್‌ಫೋನ್ ಬೇಕಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಸಣ್ಣ ದನಿಯಲ್ಲಿ ಹಾಕಿ, ಬೀದಿಯ ಸದ್ದೂ ಕೇಳುತ್ತಿರಲಿ. ಮನೆ ತುಂಬ ಜನ ಇದ್ದು ಸಂಕೋಚ ಆದರೆ ಮಾತ್ರ ಒಂದು ಕಿವಿಗೆ ಹಾಕಿಕೊಳ್ಳಿ.