ಅಲ್ಯುಮಿನಿಯಂ 8%ಗೆ ಏರಿಸುವ ಮುಂಚೆ ಸ್ವಲ್ಪ ನಿಲ್ಲಿ

ಬಿಸಿ ಗಾಜಿನ ಮೇಲೆ ಸ್ಪ್ರೇ ಮಾಡಿದ ಜಿಂಕ್ ಆಕ್ಸೈಡ್ ಫಿಲ್ಮಿಗೆ (ತೆಳು ಪದರಕ್ಕೆ) 4% ಅಲ್ಯುಮಿನಿಯಂ ಹಾಕಿದರೂ ಶೀಟ್ ರೆಸಿಸ್ಟೆನ್ಸ್ (ಪದರದಲ್ಲಿ ಕರೆಂಟಿಗೆ ಇರುವ ತಡೆ) ಇಳಿಯಲಿಲ್ಲ, ಮುಂದಿನ ಸ್ಪ್ರೇಗೆ 8% ಹಾಕುತ್ತೇನೆ ಎಂದು ಬರೆದಿದ್ದೀರಲ್ಲ. ಬೇಡ ಮಾರಾಯ್ರೇ. ಇದೇ ದಾರಿಯಲ್ಲಿ ನನ್ನ ಎರಡು ತಿಂಗಳು ಹೋಗಿದೆ.

ನಾನು 0, 5, 10, 15 ಎಂದು ಹೋದವನು. 5ಕ್ಕೇ ರೆಸಿಸ್ಟೆನ್ಸ್ ಏರಿತು. ನಾನು ಬೈದದ್ದು ರೆಸಿಸ್ಟೆನ್ಸ್ ಅಳೆಯುವ ಫೋರ್ ಪ್ರೋಬಿನ ನಾಲ್ಕು ಸೂಜಿಗಳನ್ನು. ಸೂಜಿ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಗಾಜು ತೊಳೆಯುವ ಸೋಪನ್ನೂ ಬದಲಾಯಿಸಿದೆ! ಕೊನೆಗೆ ಗೈಡ್ ಕೇಳಿದ್ದು ಒಂದೇ ಮಾತು: "0ಗೂ 5ಕ್ಕೂ ನಡುವೆ ಏನಿದೆ ನೋಡಿದ್ದೀಯಾ?" ನೋಡಿರಲಿಲ್ಲ. ಅರ್ಧರ್ಧ ಪರ್ಸೆಂಟ್ ಏರಿಸುತ್ತಾ ಮಾಡಿದಾಗ ರೆಸಿಸ್ಟೆನ್ಸಿನ ತಗ್ಗು ಸಿಕ್ಕಿದ್ದು 2ರ ಆಸುಪಾಸಿನಲ್ಲಿ. ಹೆಚ್ಚಿನವರಿಗೆ 1ರಿಂದ 3ರ ಒಳಗೇ ಸಿಗುತ್ತದೆ. ನೀವು ಆ ತಗ್ಗನ್ನು ದಾಟಿ ಆಚೆ ಗುಡ್ಡ ಹತ್ತುತ್ತಿದ್ದೀರಿ.

ಡೋಪಿಂಗ್, ಅಂದರೆ ಹೀಗೆ ಬೇರೆ ಧಾತುವನ್ನು ಚೂರು ಬೆರೆಸುವುದು, ಹೆಪ್ಪು ಹಾಕಿದ ಹಾಗೆ. ಜಾಸ್ತಿ ಹಾಕಿದರೆ ಮೊಸರು ಗಟ್ಟಿ ಆಗಲ್ಲ, ಹುಳಿ ಬರುತ್ತದೆ. ಅಲ್ಯುಮಿನಿಯಂ ಜಿಂಕಿನ ಜಾಗದಲ್ಲೇ ಕೂತರೆ ಮಾತ್ರ ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಒಂದು ಘನ ಸೆಂಟಿಮೀಟರಿನಲ್ಲಿ ಜಿಂಕ್ ಪರಮಾಣು ಸುಮಾರು 4×10²². ಅದರ 2% ಅಂದರೆ 8×10²⁰. ಅದರಲ್ಲಿ ಕಾಲುಭಾಗ ಸರಿಯಾಗಿ ಕೂತರೂ ಬೇಕಾದಷ್ಟಾಯಿತು. ಮಿಕ್ಕದ್ದು ಗ್ರೇನ್ ಬೌಂಡರಿಗೆ (ಸಣ್ಣ ಹರಳುಗಳ ನಡುವಿನ ಗಡಿಗೆ) ಹೋಗಿ ಆಕ್ಸೈಡ್ ಆಗಿ ಗುಂಪು ಕಟ್ಟುತ್ತದೆ. ಅದು ಎಲೆಕ್ಟ್ರಾನ್ ಕೊಡುವುದೂ ಇಲ್ಲ, ಇದ್ದವನ್ನು ಸಲೀಸಾಗಿ ಓಡಲು ಬಿಡುವುದೂ ಇಲ್ಲ. ನಿಮ್ಮ ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ತೋರಿಸುವ ಎಕ್ಸ್-ರೇ ಅಳತೆಯಲ್ಲಿ) 34.4 ಡಿಗ್ರಿ ಹತ್ತಿರದ 002 ಎಂಬ ಪೀಕ್ ಕುಗ್ಗಿ ಅಗಲವಾಗಿದೆ ಅಲ್ವಾ? ಗ್ರೇನ್ ಸಣ್ಣದಾಗಿರುವ ಸೂಚನೆ ಅದು.

ಇನ್ನೊಂದು. ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಬಿಡಿಸಿಕೊಂಡು ಓಡಲು ಜಿಗಿಯಬೇಕಾದ ಶಕ್ತಿಯ ಅಂತರ) ಹೆಚ್ಚಾಯಿತು, ಅದು ಬರ್ಸ್ಟೀನ್-ಮಾಸ್ ಪರಿಣಾಮ ಎಂದು ಬರೆದಿದ್ದೀರಿ. ಬೇಜಾರು ಮಾಡ್ಕೋಬೇಡಿ, ಅದನ್ನು ತೆಗೆಯಿರಿ. ಎಲೆಕ್ಟ್ರಾನ್‌ಗಳು ಕಂಡಕ್ಷನ್ ಬ್ಯಾಂಡಿನ (ಅವು ಓಡಾಡುವ ಶಕ್ತಿಮಟ್ಟಗಳ) ತಳ ತುಂಬಿಕೊಂಡಾಗ ಗ್ಯಾಪ್ ಹೆಚ್ಚಾದಂತೆ ಕಾಣುವುದು ಅದು. ರೆಸಿಸ್ಟೆನ್ಸ್ ಏರುತ್ತಿರುವಾಗ ಎಲೆಕ್ಟ್ರಾನ್ ಹೆಚ್ಚಾಗಿದೆ ಎಂದು ಎಲೆಕ್ಟ್ರಾನ್ ಎಷ್ಟಿವೆ ಎಂದು ತಿಳಿಸುವ ಹಾಲ್ ಅಳತೆ ಇಲ್ಲದೆ ಹೇಳುವುದು ಹೇಗೆ? ಬ್ಯಾಂಡ್ ಗ್ಯಾಪ್ ಲೆಕ್ಕ ಹಾಕುವ ಟಾಕ್ ಪ್ಲಾಟಿನಲ್ಲಿ (ಬೆಳಕು ಹೀರಿಕೆಯ ಗ್ರಾಫಿನಲ್ಲಿ) ಗೆರೆ ಎಳೆಯುವಾಗ ಕೈ ಸ್ವಲ್ಪ ಆಚೀಚೆ ಆದರೂ ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ.

ಈಗ ನನ್ನ ವಿಧಾನ. ಪ್ರತಿ ಸಲ ಅಲ್ಯುಮಿನಿಯಂ ಕ್ಲೋರೈಡ್ ತೂಗಬೇಡಿ. 100 ಮಿಲಿ, 0.1 ಮೋಲಾರ್ ದ್ರಾವಣಕ್ಕೆ 2% ಅಂದರೆ ಬರೀ 48 ಮಿಲಿಗ್ರಾಂ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಆ ಉಪ್ಪು ಬಟರ್ ಪೇಪರ್ ಮೇಲೇ ನೀರು ಕುಡಿದು ಅಂಟಾಗುತ್ತದೆ. ತೂಕದ ಅಂಕಿ ಕಣ್ಣೆದುರೇ ಏರುತ್ತಿರುತ್ತದೆ. ಅದಕ್ಕೇ ಹೊಸ ಬಾಟಲಿ ತೆಗೆದ ದಿನವೇ 2.414 ಗ್ರಾಂ ಹೆಕ್ಸಾಹೈಡ್ರೇಟ್ (ಆರು ನೀರಿನ ಅಣು ಸೇರಿದ ಅದೇ ಉಪ್ಪು) ಕರಗಿಸಿ 100 ಮಿಲಿ ಮಾಡಿಡಿ. ಇದೂ 0.1 ಮೋಲಾರ್. ಜಿಂಕ್ ಅಸಿಟೇಟ್ 98 ಮಿಲಿಗೆ ಇದು 2 ಮಿಲಿ ಹಾಕಿದರೆ 2%, 99ಕ್ಕೆ 1 ಹಾಕಿದರೆ 1%. ಲೆಕ್ಕವೇ ಬೇಡ. ದ್ರಾವಣ ಬೆಳ್ಳಗೆ ಮೋಡ ಕಟ್ಟಿದರೆ ಅಸಿಟಿಕ್ ಆಸಿಡ್ ಎರಡು ಹನಿ. ಲೇಬಲ್ ಓದಿ: ನೀರಿಲ್ಲದ ಉಪ್ಪಿನ ಮೋಲಾರ್ ತೂಕ 133.3, ಹೆಕ್ಸಾಹೈಡ್ರೇಟಿನದು 241.4. ನೀರಿಲ್ಲದ್ದರ ಲೆಕ್ಕದಲ್ಲಿ ಹೆಕ್ಸಾಹೈಡ್ರೇಟನ್ನು ತೂಗಿದರೆ ಅಲ್ಯುಮಿನಿಯಂ ಅರ್ಧದಷ್ಟೇ ಹೋಗುತ್ತದೆ. ನೀರಿಲ್ಲದ್ದನ್ನು ನೀರಿಗೆ ಸುರಿಯಲೇಬೇಡಿ, ಸಿಡಿಯುತ್ತದೆ. ಮತ್ತೆ, ಇದು ದ್ರಾವಣದ ಪರ್ಸೆಂಟ್. ಫಿಲ್ಮಿನೊಳಗೆ ಎಷ್ಟು ಹೋಯಿತು ಎಂಬುದು ಇಡಿಎಕ್ಸ್ (ಯಾವ ಧಾತು ಎಷ್ಟಿದೆ ಎಂದು ಅಳೆಯುವ ಎಕ್ಸ್-ರೇ ಪರೀಕ್ಷೆ) ಮಾಡಿಸಿದರೇ ಗೊತ್ತಾಗುವುದು.

ಸಿಗ್ಮಾ ಕಂಪನಿಯ ಉಪ್ಪೇ ಬೇಕು ಎಂಬ ಹಠ ಬೇಡ. ಎಸ್‌ಡಿ ಫೈನ್‌ನ ಎಆರ್ (ಲ್ಯಾಬ್ ವಿಶ್ಲೇಷಣೆಗೆ ಆಗುವಷ್ಟು ಶುದ್ಧ) ಗ್ರೇಡ್ ಈ ಕೆಲಸಕ್ಕೆ ಧಾರಾಳ ಸಾಕು. ದುಡ್ಡಿದ್ದರೆ ಗಾಜಿಗೆ ಹಾಕಿ. ಸಾಮಾನ್ಯ ಸ್ಲೈಡಿನ ಸೋಡಿಯಂ 450 ಡಿಗ್ರಿಯಲ್ಲಿ ಫಿಲ್ಮಿಗೆ ಹತ್ತಿ ನಿಮ್ಮ ಡೋಪಿಂಗನ್ನೇ ಕೆಡಿಸುತ್ತದೆ. ಬೋರೋಸಿಲಿಕೇಟ್ ತಗೊಳ್ಳಿ. ಕಂಟ್ರೋಲರ್ ತೋರಿಸುವ ಡಿಗ್ರಿ ಹೀಟರಿನದು, ಗಾಜಿನ ಮೇಲ್ಮೈಯದಲ್ಲ. ಸ್ಪ್ರೇ ಬೀಳುವಾಗ ಹತ್ತಾರು ಡಿಗ್ರಿ ಇಳಿದಿರುತ್ತದೆ. ಮೆಥನಾಲ್ ಬಳಸುವವರು ಹೊಗೆ ಎಳೆಯುವ ಹುಡ್ ಇಲ್ಲದೆ ಸ್ಪ್ರೇ ಮಾಡಬೇಡಿ, ಬೆಂಕಿ ಹತ್ತಲು ಕ್ಷಣ ಸಾಕು.

ಮಲ್ಟಿಮೀಟರಿನ ಎರಡು ಕಡ್ಡಿ ಒತ್ತಿದ ಫೋಟೋ ನೋಡಿದೆ. ಅದು ಫ್ಲೂಕ್ ಕಂಪನಿಯದೇ ಇರಲಿ, ಓದುವುದು ಕಡ್ಡಿ ತಾಗುವ ಜಾಗದ ಕಾಂಟ್ಯಾಕ್ಟ್ ರೆಸಿಸ್ಟೆನ್ಸನ್ನೂ ಸೇರಿಸಿ. ಫೋರ್ ಪ್ರೋಬ್ ಹಾಕಿ, ವೋಲ್ಟನ್ನು ಕರೆಂಟಿನಿಂದ ಭಾಗಿಸಿ, 4.53ರಿಂದ ಗುಣಿಸಿ. ತುಂಡು ಸಣ್ಣದಾದರೆ ಆ 4.53 ನಡೆಯುವುದಿಲ್ಲ, ತಿದ್ದುಪಡಿ ಬೇಕು. ದಪ್ಪ ಅಳೆಯದೆ 2% ಫಿಲ್ಮನ್ನು 4%ಗೆ ಹೋಲಿಸಬೇಡಿ. ದಪ್ಪ ಇಮ್ಮಡಿ ಆದರೆ ಡೋಪಿಂಗ್ ಬದಲಾಗದೆಯೂ ಶೀಟ್ ರೆಸಿಸ್ಟೆನ್ಸ್ ಅರ್ಧ ಆಗುತ್ತದೆ.

ಇಷ್ಟಾದರೂ ಕಿಲೋ ಓಮ್‌ನಲ್ಲೇ ನಿಂತರೆ ಗಾಬರಿ ಬೇಡ. ಗಾಳಿಯಲ್ಲಿ ತಣಿಯುವಾಗ ಗ್ರೇನ್ ಬೌಂಡರಿಗೆ ಆಕ್ಸಿಜನ್ ಅಂಟಿ ಎಲೆಕ್ಟ್ರಾನ್ ಹಿಡಿದಿಡುತ್ತದೆ. ವ್ಯಾಕ್ಯೂಮಿನಲ್ಲಿ ಅಥವಾ ಸ್ವಲ್ಪ ಹೈಡ್ರೋಜನ್ ಬೆರೆಸಿದ ನೈಟ್ರೋಜನ್‌ನಲ್ಲಿ ಅನೀಲ್ ಮಾಡಿದರೆ (ಬಿಸಿಯಲ್ಲಿ ಹದ ಮಾಡಿದರೆ) ಸುಮಾರಷ್ಟು ಇಳಿಯುತ್ತದೆ. ಆಮೇಲೆ ಗಾಳಿಗೆ ಬಿಟ್ಟರೆ ನಿಧಾನಕ್ಕೆ ಮತ್ತೆ ಏರುವುದೂ ಉಂಟು, ಹಾಗಾಗಿ ಅಳತೆ ಪಕ್ಕ ತಾರೀಖು ಬರೆದಿಡಿ. ಮೊದಲು 1, 1.5, 2, 2.5 ಮಾಡಿ ಇಲ್ಲಿ ಹಾಕಿ. ಆ 8% ದ್ರಾವಣ ಕಲೆಸಿ ಆಗಿದ್ದರೆ ಚೆಲ್ಲಬೇಡಿ. ಡೋಪ್ ಮಾಡದ ಜಿಂಕ್ ದ್ರಾವಣ ಮೂರು ಪಾಲು ಬೆರೆಸಿ, 2% ಆಗುತ್ತದೆ.