ರೋಬೋಟ್ ನೆರವಿನ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ರೋಗಿ ಮತ್ತು ಮನೆಯವರು ಏನು ತಿಳಿದಿರಬೇಕು?

ನಿಮ್ಮ ತಂದೆಯವರಿಗೆ 66 ವರ್ಷ, ಪಿಎಸ್‌ಎ (ಪ್ರಾಸ್ಟೇಟ್‌ನಿಂದ ಬರುವ, ರಕ್ತದಲ್ಲಿ ಅಳೆಯುವ ಪ್ರೋಟೀನ್) 11, ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರಿನ ಉಗ್ರತೆಯ ಅಂಕ) 3+4, ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಮೂತ್ರಕೋಶದ ಕೆಳಗಿರುವ ಈ ಪ್ರಾಸ್ಟೇಟ್ ಗ್ರಂಥಿಯನ್ನು ದಾಟಿದ ಲಕ್ಷಣವಿಲ್ಲ, ವೈದ್ಯರು ರೋಬೋಟಿಕ್ ಶಸ್ತ್ರಚಿಕಿತ್ಸೆ ಸೂಚಿಸಿದ್ದಾರೆ ಎಂದು ಬರೆದಿದ್ದೀರಿ. ಶಸ್ತ್ರಚಿಕಿತ್ಸೆಯನ್ನು ರೋಬೋಟೇ ಮಾಡುತ್ತದೆಯೇ, ಅದಕ್ಕಾಗಿ ಹೆಚ್ಚಿನ ಹಣ ಕೊಡುವುದು ಸಾರ್ಥಕವೇ, ಆಮೇಲೆ ಏನೇನು ಎದುರಾಗುತ್ತದೆ ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯೆಯಲ್ಲ, ಬೆಂಗಳೂರಿನ ಆಸ್ಪತ್ರೆಯೊಂದರ ಯುರಾಲಜಿ ವಿಭಾಗದಲ್ಲಿ ಬಹಳ ವರ್ಷಗಳಿಂದ ನರ್ಸ್ ಆಗಿದ್ದೇನೆ. ಯಾವ ಚಿಕಿತ್ಸೆ ಎಂಬ ತೀರ್ಮಾನ ನಿಮ್ಮ ತಂದೆಯವರು ಮತ್ತು ಅವರ ವೈದ್ಯರು ಸೇರಿ ಮಾಡಬೇಕಾದದ್ದು. ಆದರೆ ವಾರ್ಡಿನಲ್ಲಿ ನಿಂತು ನೋಡಿದ ಮೇಲೆ ನನಗೆ ದೃಢವಾಗಿರುವ ಮಾತೊಂದಿದೆ: ಮುಂದಿನ ಬದುಕು ಹೇಗಿರುತ್ತದೆ ಎಂಬುದನ್ನು ನಿರ್ಧರಿಸುವುದು ಯಂತ್ರಕ್ಕಿಂತ ಹೆಚ್ಚಾಗಿ ಅದನ್ನು ನಡೆಸುವ ಶಸ್ತ್ರವೈದ್ಯರ ಕೈ, ಮತ್ತು ಶಸ್ತ್ರಚಿಕಿತ್ಸೆಯ ನಂತರದ ಒಂದು ವರ್ಷಕ್ಕೆ ರೋಗಿ ಮೊದಲೇ ಎಷ್ಟು ಸಿದ್ಧರಾಗಿದ್ದಾರೆ ಎಂಬುದು.

ಮೊದಲಿಗೆ ಒಂದು ಗೊಂದಲ ಕಳೆದುಕೊಳ್ಳೋಣ. ನೆಂಟರಲ್ಲಿ ಯಾರಾದರೂ 'ನನಗೂ ಪ್ರಾಸ್ಟೇಟ್ ಆಪರೇಷನ್ ಆಗಿದೆ, ಒಂದೇ ವಾರದಲ್ಲಿ ಸರಿಹೋದೆ' ಎಂದರೆ, ಅವರು ಹೇಳುತ್ತಿರುವುದು ಬಹುಮಟ್ಟಿಗೆ ಟಿಯುಆರ್‌ಪಿ ಬಗ್ಗೆ. ಅದು ವಯಸ್ಸಾದಂತೆ ಊದಿಕೊಳ್ಳುವ, ಕ್ಯಾನ್ಸರ್ ಅಲ್ಲದ ಗ್ರಂಥಿಗೆ ಮೂತ್ರದ್ವಾರದ ಮೂಲಕವೇ ಕೊಳವೆ ಹಾಕಿ ಒಳಭಾಗವನ್ನು ಮಾತ್ರ ಕೆತ್ತಿ ತೆಗೆಯುವ ಚಿಕಿತ್ಸೆ. ನಿಮ್ಮ ತಂದೆಯವರಿಗೆ ಹೇಳಿರುವುದು ಬೇರೆಯೇ: ಪ್ರಾಸ್ಟೇಟ್ ಗ್ರಂಥಿಯನ್ನು ವೀರ್ಯಕೋಶಗಳ ಸಮೇತ ಪೂರ್ತಿಯಾಗಿ ತೆಗೆದು, ಅಗತ್ಯವಿದ್ದರೆ ಸುತ್ತಲಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದು, ಗ್ರಂಥಿ ಇದ್ದ ಜಾಗದಲ್ಲಿ ಉಂಟಾದ ಅಂತರವನ್ನು ಮುಚ್ಚಲು ಮೂತ್ರಕೋಶದ ಕುತ್ತಿಗೆಯನ್ನು ಕೆಳಗೆಳೆದು ಮೂತ್ರನಾಳಕ್ಕೆ ಹೊಲಿಯುವ ದೊಡ್ಡ ಶಸ್ತ್ರಚಿಕಿತ್ಸೆ. ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ಹೊಲಿಗೆಗೆ, ಅದರ ಪಕ್ಕದ ಸ್ನಾಯುವಿಗೆ ಮತ್ತು ಗ್ರಂಥಿಗೆ ಅಂಟಿಕೊಂಡೇ ಸಾಗುವ ಸೂಕ್ಷ್ಮ ನರಗಳಿಗೆ ಸಂಬಂಧಿಸಿದವು.

ರೋಬೋಟ್ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ, ಹೊಲಿಯುವುದೂ ಇಲ್ಲ. ಹೊಟ್ಟೆಯ ಮೇಲೆ ಐದಾರು ಸಣ್ಣ ರಂಧ್ರಗಳನ್ನು ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲದಿಂದ ಹೊಟ್ಟೆಯನ್ನು ಉಬ್ಬಿಸಿ, ಕ್ಯಾಮೆರಾವನ್ನೂ ಉಪಕರಣಗಳನ್ನೂ ಒಳಗಿಳಿಸುತ್ತಾರೆ. ಶಸ್ತ್ರವೈದ್ಯರು ಅದೇ ಕೋಣೆಯಲ್ಲಿ ಕೆಲವು ಅಡಿ ದೂರದ ಕನ್ಸೋಲ್‌ನಲ್ಲಿ ಕುಳಿತು, ಸುಮಾರು ಹತ್ತು ಪಟ್ಟು ಹಿಗ್ಗಿದ ಮೂರು ಆಯಾಮದ ದೃಶ್ಯ ನೋಡುತ್ತಾ ಉಪಕರಣಗಳ ಪ್ರತಿ ಚಲನೆಯನ್ನೂ ತಾವೇ ನಡೆಸುತ್ತಾರೆ. ಇನ್ನೊಬ್ಬ ವೈದ್ಯರು ರೋಗಿಯ ಪಕ್ಕದಲ್ಲೇ ನಿಂತಿರುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಡಾ ವಿಂಚಿ ಯಂತ್ರಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮೋದನೆ ದೊರೆತದ್ದು 2000ದಲ್ಲಿ. ಅದನ್ನು ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗೆ ವ್ಯವಸ್ಥಿತವಾಗಿ ಒಗ್ಗಿಸಿ ಹೆಸರಾದವರಲ್ಲಿ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿದ್ದ, ಭಾರತ ಮೂಲದ ಡಾ. ಮಣಿ ಮೆನನ್ ಪ್ರಮುಖರು.

ಹಾಗಾದರೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಮಾಡುವ ತೆರೆದ ಶಸ್ತ್ರಚಿಕಿತ್ಸೆಗಿಂತ ಇದು ಮೇಲೇ? ಕೆಲವು ವಿಷಯಗಳಲ್ಲಿ ನಿಸ್ಸಂಶಯವಾಗಿ ಹೌದು: ರಕ್ತ ಕಡಿಮೆ ಹೋಗುತ್ತದೆ, ಗಾಯ ಚಿಕ್ಕದು, ಮೊದಲ ದಿನಗಳ ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಆದರೆ ರೋಗಿಗಳಿಗೆ ಅತಿ ಮುಖ್ಯವಾದ ಎರಡು ವಿಷಯಗಳಲ್ಲಿ, ಅಂದರೆ ಮೂತ್ರದ ಹಿಡಿತ ಮತ್ತು ಲೈಂಗಿಕ ಸಾಮರ್ಥ್ಯದಲ್ಲಿ, ಯಂತ್ರದಿಂದಲೇ ದೊಡ್ಡ ಲಾಭವಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಎಚ್ಚರದಿಂದ ಕೇಳಿಸಿಕೊಳ್ಳಿ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 326 ಪುರುಷರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ತೆರೆದ, ಇನ್ನೊಂದಕ್ಕೆ ರೋಬೋಟಿಕ್ ಶಸ್ತ್ರಚಿಕಿತ್ಸೆ ಮಾಡಲಾಯಿತು. 2016ರಲ್ಲಿ ಪ್ರಕಟವಾದ ಮೊದಲ ಫಲಿತಾಂಶದಲ್ಲೂ 2018ರಲ್ಲಿ ಪ್ರಕಟವಾದ ಎರಡು ವರ್ಷಗಳ ಫಲಿತಾಂಶದಲ್ಲೂ ಈ ಎರಡು ವಿಷಯಗಳಲ್ಲಿ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಪ್ರತಿ ಗುಂಪಿಗೂ ಒಬ್ಬೊಬ್ಬರೇ ಶಸ್ತ್ರವೈದ್ಯರಿದ್ದರು, ತೆರೆದ ವಿಧಾನದವರ ಅನುಭವ ಬಹಳ ಹೆಚ್ಚಿನದಾಗಿತ್ತು ಎಂಬುದನ್ನೂ ಗಮನಿಸಬೇಕು. ಯಂತ್ರಕ್ಕಿಂತ ಶಸ್ತ್ರವೈದ್ಯರ ಕೈ ಮುಖ್ಯ ಎಂಬ ನನ್ನ ಮಾತಿಗೆ ಅದು ಇನ್ನಷ್ಟು ಬಲ ಕೊಡುತ್ತದೆ. ಆದ್ದರಿಂದ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ಈ ಶಸ್ತ್ರಚಿಕಿತ್ಸೆಯನ್ನು ನೀವೇ ಮಾಡುತ್ತೀರಾ, ಈವರೆಗೆ ಎಷ್ಟು ಮಾಡಿದ್ದೀರಿ, ವರ್ಷಕ್ಕೆ ಎಷ್ಟು ಮಾಡುತ್ತೀರಿ, ನಿಮ್ಮ ರೋಗಿಗಳಲ್ಲಿ ಒಂದು ವರ್ಷದ ನಂತರವೂ ಮೂತ್ರ ಸೋರಿಕೆಗಾಗಿ ಪ್ಯಾಡ್ ಬಳಸುವವರು ಎಷ್ಟು ಮಂದಿ? ಒಳ್ಳೆಯ ಶಸ್ತ್ರವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಟ್ಟುಕೊಂಡದ್ದನ್ನು ನಾನು ನೋಡಿಲ್ಲ.

ಶಸ್ತ್ರಚಿಕಿತ್ಸೆ ಬೇಕೇ ಎಂಬ ಪ್ರಶ್ನೆಯೂ ಇದೆ. ನೀವು ಕೊಟ್ಟ ವಿವರಗಳು ಸಾಮಾನ್ಯವಾಗಿ ಮಧ್ಯಮ ಅಪಾಯದ ವರ್ಗಕ್ಕೆ ಸೇರುತ್ತವೆ; ಅಲ್ಲಿ ವಿಕಿರಣ ಚಿಕಿತ್ಸೆಯೂ ಒಪ್ಪಿತವಾದ ದಾರಿಯೇ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಪುರುಷರನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಮೂರು ಗುಂಪು ಮಾಡಿ ಸುಮಾರು 15 ವರ್ಷ ಗಮನಿಸಿದರು. 2023ರ ವರದಿಯಂತೆ ಯಾವ ಗುಂಪಿನಲ್ಲೇ ಆಗಲಿ ಈ ಕ್ಯಾನ್ಸರಿನಿಂದಲೇ ತೀರಿಕೊಂಡವರು ಶೇ 3ರ ಆಸುಪಾಸಿನಲ್ಲಿದ್ದರು. ಅವರಲ್ಲಿ ಬಹಳಷ್ಟು ಮಂದಿ ಕಡಿಮೆ ಅಪಾಯದವರಾಗಿದ್ದರಿಂದ ಇದನ್ನು ನಿಮ್ಮ ತಂದೆಯವರಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ನಾಳೆಯೇ ಸಹಿ ಹಾಕಬೇಕಾದ ತುರ್ತು ಇದಲ್ಲ, ವಿಕಿರಣ ಚಿಕಿತ್ಸೆಯ ತಜ್ಞರನ್ನೂ ಒಮ್ಮೆ ಕಂಡು ಬರುವಷ್ಟು ಸಮಯವಿದೆ ಎಂಬುದು ಇದರಿಂದ ತಿಳಿಯುತ್ತದೆ.

ಶಸ್ತ್ರಚಿಕಿತ್ಸೆಗೆ ಒಪ್ಪಿದರೆ, ಅರಿವಳಿಕೆ ವೈದ್ಯರಿಗೆ ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ), ಹೃದಯದ ತೊಂದರೆ, ಹಿಂದಿನ ಹೊಟ್ಟೆಯ ಶಸ್ತ್ರಚಿಕಿತ್ಸೆ, ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯವನ್ನೆಲ್ಲ ಹೇಳಿ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಗ್ಲಾಕೋಮಾ ಏಕೆಂದರೆ, ಈ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯ ತಲೆ ಕೆಳಗೆ, ಕಾಲು ಮೇಲೆ ಬರುವಂತೆ ಮೇಜನ್ನು 25ರಿಂದ 30 ಡಿಗ್ರಿ ವಾಲಿಸಿ ಕೆಲವು ಗಂಟೆ ಇಡುತ್ತಾರೆ, ಆಗ ಕಣ್ಣಿನ ಒತ್ತಡ ಏರುತ್ತದೆ. ಥಿಯೇಟರಿನಿಂದ ಹೊರಗೆ ತಂದಾಗ ಮುಖ ಮತ್ತು ಕಣ್ಣಿನ ರೆಪ್ಪೆ ಊದಿಕೊಂಡಿರುವುದನ್ನು ನೋಡಿ ಹೆಂಡತಿ ಮಕ್ಕಳು ಗಾಬರಿಯಾಗಿ ಅಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಊತ ಸಾಮಾನ್ಯವಾಗಿ ಬೇಗನೆ ಇಳಿಯುತ್ತದೆ. ಅನಿಲದ ಕಾರಣಕ್ಕೆ ಭುಜ ನೋಯಬಹುದು, ವೃಷಣದ ಚೀಲ ಊದಿ ನೀಲಿಗಟ್ಟಬಹುದು. ಇವನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ಗಾಬರಿ ಇರುತ್ತಿರಲಿಲ್ಲ.

ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಮನೆಗೆ ಕಳಿಸುತ್ತಾರೆ, ಆದರೆ ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕಿದ ಕೊಳವೆ) ಒಂದು ವಾರದಿಂದ ಹತ್ತು ದಿನ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಇರುತ್ತದೆ. ಮೂತ್ರಕೋಶ ಮತ್ತು ಮೂತ್ರನಾಳದ ಹೊಸ ಹೊಲಿಗೆ ಅದರ ಸುತ್ತಲೇ ಮಾಯುತ್ತದೆ. ಕೊಳವೆಯನ್ನು ತೊಡೆಗೆ ಸ್ವಲ್ಪ ಸಡಿಲ ಬಿಟ್ಟು ಅಂಟಿಸಿರಬೇಕು, ಮೂತ್ರ ತುಂಬುವ ಚೀಲ ಸದಾ ಸೊಂಟಕ್ಕಿಂತ ಕೆಳಗಿರಬೇಕು. ಕೊಳವೆ ಆಕಸ್ಮಿಕವಾಗಿ ಕಿತ್ತು ಬಂದರೆ ಅಥವಾ ಕಟ್ಟಿಕೊಂಡರೆ, ಹತ್ತಿರದ ಕ್ಲಿನಿಕ್‌ನಲ್ಲಿ ಹೊಸದನ್ನು ಹಾಕಿಸಬೇಡಿ. ಕುರುಡಾಗಿ ತಳ್ಳಿದ ಕೊಳವೆ ಆ ಹೊಲಿಗೆಯನ್ನೇ ಹರಿದುಬಿಡಬಹುದು. ನೇರವಾಗಿ ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೆ ಫೋನ್ ಮಾಡಿ. ಆ ಫೋನ್ ನಂಬರು ರಾತ್ರಿ ಹೊತ್ತಿನಲ್ಲೂ ಸಿಗುವಂತಹದೇ ಎಂದು ಡಿಸ್ಚಾರ್ಜ್‌ಗೆ ಮೊದಲೇ ಕೇಳಿಟ್ಟುಕೊಳ್ಳಿ. ಜ್ವರ, ಮೂತ್ರದಲ್ಲಿ ರಕ್ತದ ಹೆಪ್ಪು, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಏದುಸಿರು ಇವು ಕಾಯಬಾರದ ಲಕ್ಷಣಗಳು. ಮಲಬದ್ಧತೆಯಾಗದಂತೆ ನೋಡಿಕೊಳ್ಳಿ, ತಿಂಗಳು ಒಂದೂವರೆ ತಿಂಗಳು ಭಾರ ಎತ್ತುವುದು, ಬೈಕ್ ಓಡಿಸುವುದು ಬೇಡ, ನಡಿಗೆ ಮಾತ್ರ ಮೊದಲ ದಿನದಿಂದಲೇ ಬೇಕು.

ಕ್ಯಾತಿಟರ್ ತೆಗೆದ ದಿನ ನಮ್ಮಲ್ಲಿ ಅತ್ಯಂತ ಕಷ್ಟದ ದಿನ. ಕೊಳವೆ ಹೋಯಿತೆಂದು ಖುಷಿಯಿಂದ ಮಂಚದಿಂದ ಎದ್ದು ನಿಲ್ಲುತ್ತಾರೆ, ನಿಂತ ಕ್ಷಣವೇ ಮೂತ್ರ ಕಾಲಿನ ಮೇಲೆ ಇಳಿದು ನೆಲ ಒದ್ದೆಯಾಗುತ್ತದೆ. ಮನೆಯ ಹಿರಿಯರಾಗಿ ಬಾಳಿದವರು ಆಗ ತಲೆ ಎತ್ತಿ ನೋಡುವುದಿಲ್ಲ. ಆದರೆ ಇದು ಶಸ್ತ್ರಚಿಕಿತ್ಸೆ ಕೆಟ್ಟಿತು ಎಂಬುದರ ಗುರುತಲ್ಲ. ಗ್ರಂಥಿಯ ಜೊತೆಗೆ ಹಿಡಿತದ ಒಂದು ಭಾಗವೂ ಹೋಗಿರುತ್ತದೆ, ಉಳಿದ ಸ್ನಾಯು ಒಂಟಿಯಾಗಿ ಆ ಕೆಲಸ ಕಲಿಯಬೇಕಾಗುತ್ತದೆ. ಸಾಮಾನ್ಯವಾಗಿ ರಾತ್ರಿಯ ಸೋರಿಕೆ ಮೊದಲು ನಿಲ್ಲುತ್ತದೆ, ಆಮೇಲೆ ಬೆಳಗಿನದು. ಸ್ನಾಯು ದಣಿಯುವುದರಿಂದ ಸಂಜೆಯ ಸೋರಿಕೆ ಕೊನೆಗೆ ನಿಲ್ಲುತ್ತದೆ. ಹೆಚ್ಚಿನವರಿಗೆ ಮೂರರಿಂದ ಆರು ತಿಂಗಳಲ್ಲಿ ಬಹಳ ಸುಧಾರಣೆ ಕಾಣುತ್ತದೆ, ಒಂದು ವರ್ಷದವರೆಗೂ ಸುಧಾರಿಸುತ್ತಲೇ ಇರುತ್ತದೆ. ಆಮೇಲೂ ತೊಂದರೆ ಉಳಿದ ಕೆಲವರಿಗೆ ಸ್ಲಿಂಗ್ (ಮೂತ್ರನಾಳಕ್ಕೆ ಆಸರೆಯಾಗುವ ಪಟ್ಟಿ), ಕೃತಕ ಸ್ಫಿಂಕ್ಟರ್ (ಮೂತ್ರ ತಡೆಹಿಡಿಯುವ ಕೃತಕ ಬಿಗಿಪಟ್ಟಿ) ಮುಂತಾದ ಪರಿಹಾರಗಳಿವೆ.

ಕೀಗಲ್ ವ್ಯಾಯಾಮವನ್ನು ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ಆರಂಭಿಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಹೂಸು ಬರುವಾಗ ತಡೆಹಿಡಿಯಲು ಬಿಗಿಹಿಡಿಯುತ್ತೇವಲ್ಲ, ಆ ಸ್ನಾಯುವೇ ಇದು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯದೆ, ಉಸಿರು ಕಟ್ಟದೆ, ಐದು ಸೆಕೆಂಡು ಬಿಗಿಹಿಡಿದು ಅಷ್ಟೇ ಹೊತ್ತು ಬಿಡಬೇಕು. ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಕ್ಯಾತಿಟರ್ ಇರುವಾಗ ಮಾಡಬಾರದು, ತೆಗೆದ ಮೇಲೆ ಮುಂದುವರಿಸಬೇಕು. ಕುರ್ಚಿಯಿಂದ ಏಳುವ, ಕೆಮ್ಮುವ ಮುನ್ನ ಬಿಗಿಹಿಡಿಯುವುದು ರೂಢಿಯಾದರೆ ಅರ್ಧ ಕಷ್ಟ ನೀಗಿದಂತೆಯೇ. ಕ್ಯಾತಿಟರ್ ತೆಗೆಸಲು ಬರುವಾಗ ವಯಸ್ಕರ ಡಯಾಪರ್ ಮತ್ತು ಒಂದು ಜೊತೆ ಹೆಚ್ಚಿನ ಬಟ್ಟೆ ತನ್ನಿ.

ಲೈಂಗಿಕ ಜೀವನದ ಬಗ್ಗೆ ನಮ್ಮಲ್ಲಿ ತಂದೆ ಮಕ್ಕಳ ನಡುವೆ ಮಾತು ಬರುವುದಿಲ್ಲ. ವೈದ್ಯರ ಮುಂದೆ ಮಗ ಕುಳಿತಿದ್ದರೆ ತಂದೆ ಕೇಳುವುದೂ ಇಲ್ಲ. ದಯವಿಟ್ಟು ನಿಮ್ಮ ತಂದೆ ತಾಯಿ ಇಬ್ಬರೇ ವೈದ್ಯರೊಂದಿಗೆ ಮಾತಾಡಲು ಅವಕಾಶ ಮಾಡಿಕೊಡಿ. ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ ಎಂದು ಅವರ ಪರವಾಗಿ ನೀವು ತೀರ್ಮಾನಿಸಬೇಡಿ. ನಿಮಿರುವಿಕೆಯ ನರಗಳು ಗ್ರಂಥಿಯ ಎರಡೂ ಬದಿ ಅಂಟಿಕೊಂಡು ಸಾಗುತ್ತವೆ. ಅವನ್ನು ಉಳಿಸುವ ವಿಧಾನವನ್ನು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಡಾ. ಪ್ಯಾಟ್ರಿಕ್ ವಾಲ್ಶ್ 1982ರಲ್ಲಿ ರೂಪಿಸಿದರು. ಕ್ಯಾನ್ಸರ್ ನರಗಳ ಹತ್ತಿರವಿದ್ದರೆ ಉಳಿಸುವುದು ಸರಿಯಾಗದು, ಆದ್ದರಿಂದ ಒಂದು ಬದಿ ಉಳಿಸುತ್ತೀರೋ ಎರಡೂ ಬದಿಯೋ ಎಂದು ಮೊದಲೇ ಕೇಳಬೇಕು. ಉಳಿಸಿದರೂ ಚೇತರಿಕೆಗೆ ಒಂದೂವರೆ ಎರಡು ವರ್ಷ ಹಿಡಿಯಬಹುದು, ಕೆಲವರಿಗೆ ಪೂರ್ಣವಾಗಿ ಮರಳುವುದಿಲ್ಲ. ವೀರ್ಯ ಮಾತ್ರ ಇನ್ನು ಹೊರಬರುವುದಿಲ್ಲ, ಆದರೂ ಸುಖದ ಅನುಭವ ಸಾಧ್ಯ. ನಿಮಿರುವಿಕೆಗಾಗಿ ಕೊಡುವ ಮಾತ್ರೆಗಳನ್ನು ಹೃದಯಕ್ಕೆ ನೈಟ್ರೇಟ್ ಔಷಧ ತೆಗೆದುಕೊಳ್ಳುವವರು ಬಳಸಲೇಬಾರದು.

ಹಣದ ವಿಷಯದಲ್ಲಿ, ರೋಬೋಟಿನ ಉಪಕರಣಗಳನ್ನು ನಿಗದಿತ ಸಂಖ್ಯೆಯಷ್ಟು ಬಾರಿ ಬಳಸಿ ಬಿಸಾಡಬೇಕಾಗುವುದು ದರ ಏರಲು ಒಂದು ಕಾರಣ. ಅಂದಾಜು ಪಟ್ಟಿಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಆರೋಗ್ಯ ವಿಮೆ ಇದ್ದರೆ, ರೋಬೋಟಿಕ್ ಶಸ್ತ್ರಚಿಕಿತ್ಸೆಯನ್ನು ಹೊರಗಿಡಬಾರದೆಂದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2019ರಲ್ಲೇ ಸೂಚಿಸಿದೆ, ಆದರೆ ಕಂಪನಿಗಳು ಮಿತಿ ಹಾಕಿರಬಹುದು. ಆ ಮಿತಿ ಎಷ್ಟೆಂದು ದಾಖಲಾಗುವ ಮೊದಲೇ ವಿಚಾರಿಸಿ. ಅನುಭವಿ ಕೈಯಲ್ಲಿ ತೆರೆದ ಶಸ್ತ್ರಚಿಕಿತ್ಸೆ ಸಿಗುವುದಾದರೆ, ರೋಬೋಟಿಗಾಗಿ ಸಾಲ ಮಾಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ತೆಗೆದ ಗ್ರಂಥಿಯ ಪೆಥಾಲಜಿ ವರದಿ ಬಂದಾಗ ಕ್ಯಾನ್ಸರ್ ಅಂಚಿನವರೆಗೆ ಇತ್ತೇ, ಗ್ರಂಥಿಯ ಹೊರಗೆ ಚಾಚಿತ್ತೇ, ದುಗ್ಧಗ್ರಂಥಿಗಳಲ್ಲಿತ್ತೇ ಎಂದು ಕೇಳಿ. ಆರು ವಾರಗಳ ನಂತರ ಮಾಡುವ ಪಿಎಸ್‌ಎ ಅಳತೆಗೆ ಸಿಗದಷ್ಟು, ಅಂದರೆ 0.1ಕ್ಕಿಂತ ಕಡಿಮೆ ಇರಬೇಕು. ಮುಂದೆ ಎಂದಾದರೂ ಅದು 0.2 ಮುಟ್ಟಿ, ಮತ್ತೆ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದರೆ ಕ್ಯಾನ್ಸರ್ ಮರಳುತ್ತಿದೆ ಎಂದು ವೈದ್ಯರು ಭಾವಿಸುತ್ತಾರೆ, ಆಗಲೂ ವಿಕಿರಣ ಚಿಕಿತ್ಸೆಯಿಂದ ಗುಣಪಡಿಸುವ ಅವಕಾಶ ಉಳಿದಿರುತ್ತದೆ. ಇಷ್ಟು ಸಣ್ಣ ಅಂಕಿಗಳಲ್ಲಿ ಲ್ಯಾಬ್‌ನಿಂದ ಲ್ಯಾಬ್‌ಗೆ ವ್ಯತ್ಯಾಸ ಬರುವುದರಿಂದ, ಪ್ರತಿ ಸಲವೂ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.